ಜೇಡಿಮಣ್ಣಿನ ಪಟ್ಟು ಹಾಕಿದ್ರೆ ಒಣಗೋಕೆ ಬಿಡ್ಬೇಡಿ

ಮೊಡವೆ ಕೆಂಪಗೆ ಉಬ್ಬಿದ್ರೆ, ಕಾಲು ಉಳುಕಿದ್ರೆ, ಮಂಡಿ ನೋವು ಬಂದ್ರೆ ಜೇಡಿಮಣ್ಣು ಹಚ್ಚಿ ಅಂತ ಎಲ್ಲರೂ ಹೇಳ್ತಾರೆ, ಆದ್ರೆ ಎಷ್ಟೊತ್ತು ಇಟ್ಕೋಬೇಕು ಯಾವಾಗ ತೆಗೀಬೇಕು ಅಂತ ಯಾರೂ ಬಿಡಿಸಿ ಹೇಳಲ್ಲ. ನಾನು ಮೂವತ್ತು ವರ್ಷದಿಂದ ಮನೇಲಿ ಇದನ್ನ ಬಳಸ್ತಾ ಬಂದಿದೀನಿ ಕಣ್ರಪ್ಪಾ, ಹಸಿ ಇರೋವರೆಗೆ ಮಾತ್ರ ಅದು ಹಿತ, ಒಣಗಿದ್ಮೇಲೆ ಚರ್ಮಕ್ಕೆ ಕಾಟ.

ಮೊಮ್ಮಗಳು ಒಂದ್ಸಲ ಮೊಡವೆಗೆ ಅಂತ ಬೆಂಟೊನೈಟ್ ಅನ್ನೋ ಜಾತಿ ಜೇಡಿಮಣ್ಣು ದಪ್ಪಗೆ ಬಳ್ಕೊಂಡು ಫೋನ್ ನೋಡ್ತಾ ಮುಕ್ಕಾಲು ಗಂಟೆ ಕೂತ್ಬಿಟ್ಳು. ಕೆನ್ನೆ ಮೇಲಿನ ಲೇಪ ಬಿಳಿಚ್ಕೊಂಡು ಬಾಯಿ ಪಕ್ಕ ಬಿರುಕು ಬಿಟ್ಟಿತ್ತು, ಮಾತಾಡೋಕೂ ಆಗ್ತಿರ್ಲಿಲ್ಲ ಪಾಪ. ತೊಳೆದು ನೋಡಿದ್ರೆ ಮೊಡವೆಗಿಂತ ಅದರ ಸುತ್ತಲಿನ ಚರ್ಮವೇ ಜಾಸ್ತಿ ಕೆಂಪಾಗಿತ್ತು, ಎರಡು ದಿನ ಉರಿ ಉರಿ ಅಂತಿದ್ಳು. ಮಣ್ಣು ಮೊದ್ಲು ಮೇಲಿನ ಎಣ್ಣೆ ಹೀರ್ತು, ಆಮೇಲೆ ಚರ್ಮದ ನೀರಿಗೇ ಕೈ ಹಾಕ್ತು, ಅಷ್ಟೇ ಆಗಿದ್ದು. ಮುಖಕ್ಕಾದ್ರೆ ಹತ್ತು ನಿಮಿಷ ಸಾಕು, ಅಂಚು ಬಣ್ಣ ತಿಳಿಯಾಗೋಕೆ ಶುರುವಾದ ತಕ್ಷಣ ಒದ್ದೆ ಬಟ್ಟೆ ಮೇಲಿಟ್ಟು ನೆನೆಸಿ ಮೆಲ್ಲಗೆ ಒರೆಸಿ, ಉಜ್ಜಬೇಡಿ, ಕೂಡ್ಲೇ ಮಾಯಿಶ್ಚರೈಸರ್ ಹಚ್ಚಿ.

ಎಲ್ಲಾ ಜೇಡಿಮಣ್ಣೂ ಒಂದೇ ಅಲ್ಲ. ಮಣ್ಣಿನ ಕಣ ಅಂದ್ರೆ ಹಾಳೆ ಹಾಳೆಯಾಗಿ ಜೋಡಿಸಿದ ಪುಸ್ತಕ ಇದ್ದಂಗೆ. ಕೇಯೊಲಿನ್ ಅನ್ನೋ ಬಿಳಿ ಜೇಡಿಮಣ್ಣಲ್ಲಿ ಹಾಳೆಗಳು ಒಂದಕ್ಕೊಂದು ಬಿಗಿಯಾಗಿ ಅಂಟ್ಕೊಂಡಿರ್ತವೆ, ನೀರು ಒಳಗೆ ನುಗ್ಗಲ್ಲ, ಹಾಗಾಗಿ ಅದು ಸೌಮ್ಯ, ಒಣ ಚರ್ಮದೋರಿಗೆ ಅದೇ ಒಳ್ಳೇದು. ಬೆಂಟೊನೈಟ್‌ನಲ್ಲಿ ಜಾಸ್ತಿ ಇರೋದು ಮಾಂಟ್‌ಮೊರಿಲ್ಲೊನೈಟ್ ಅನ್ನೋ ಖನಿಜ, ಅದರ ಹಾಳೆಗಳ ನಡುವೆ ನೀರು ಹೋಗಿ ಉಬ್ಬುತ್ತೆ, ಒಂದು ಗ್ರಾಂ ತಗೊಂಡು ಹಾಳೆಗಳನ್ನೆಲ್ಲ ಬಿಡಿಸಿ ಹರಡಿದ್ರೆ ಸುಮಾರು 700 ಚದರ ಮೀಟರ್ ಆಗತ್ತೆ ಅಂದ್ರೆ ಅದು ಎಷ್ಟು ಹಿಡ್ಕೋಬಹುದು ಯೋಚ್ನೆ ಮಾಡಿ. ಮನೇಲೇ ಕಂಡುಹಿಡೀಬೇಕಾ, ಗಾಜಿನ ಲೋಟದ ನೀರಿಗೆ ಒಂದು ಚಿಟಿಕೆ ಉದುರಿಸಿ ಬಿಟ್ಬಿಡಿ, ಕೇಯೊಲಿನ್ ಆದ್ರೆ ಪುಡಿಯಾಗೇ ತಳ ಸೇರತ್ತೆ, ಒಳ್ಳೇ ಬೆಂಟೊನೈಟ್ ಆದ್ರೆ ಲೋಳೆ ಥರ ಉಬ್ಬಿ ಕೂರತ್ತೆ. ಮುಲ್ತಾನಿ ಮಿಟ್ಟಿನೂ ಎಣ್ಣೆ ಚೆನ್ನಾಗಿ ಎಳೆಯೋ ಜಾತೀದೇ, ಒಣ ಚರ್ಮಕ್ಕೆ ಬೇಡ.

ಕಲಸೋವಾಗ ಪುಡಿಗೆ ನೀರು ಸುರೀಬೇಡಿ, ನೀರಿನ ಮೇಲೆ ಪುಡಿ ಉದುರಿಸಿ ಅರ್ಧ ಗಂಟೆ ನೆನೆಯೋಕೆ ಬಿಡಿ, ಗಂಟು ಕಟ್ಟಲ್ಲ. ಟೂತ್‌ಪೇಸ್ಟ್‌ನಷ್ಟು ಗಟ್ಟಿ ಇರ್ಲಿ. ಪುಡಿ ಎಬ್ಬಿಸ್ಬೇಡಿ, ಆ ಧೂಳಲ್ಲಿ ಸಿಲಿಕಾ ಇರತ್ತೆ, ಶ್ವಾಸಕೋಶಕ್ಕೆ ಒಳ್ಳೇದಲ್ಲ.

ಊತ ಇಳಿಸತ್ತಾ ಅಂತ ಕೇಳಿದ್ರೆ, ಇಲಿ ಕಿವಿಗೆ ಊತ ಬರಿಸೋ ಕೆಮಿಕಲ್ ಹಚ್ಚಿ ಆಮೇಲೆ ಜೇಡಿಮಣ್ಣು ಹಚ್ಚಿ ನೋಡಿದ ಪ್ರಯೋಗಗಳಲ್ಲಿ ಊತ ಇಳಿದಿದ್ದು ಕಂಡಿದೆ, ಎಷ್ಟು ಅನ್ನೋದು ಮಣ್ಣಿನ ಜಾತಿ ಮೇಲೆ ಹೋಗತ್ತೆ. ಮಂಡಿ ಸವೆತಕ್ಕೆ ಬೆಚ್ಚಗಿನ ಮಣ್ಣಿನ ಪಟ್ಟು ಹಾಕಿ ನೋಡಿದ ಚಿಕ್ಕ ಚಿಕ್ಕ ಅಧ್ಯಯನಗಳಲ್ಲೂ ನೋವು ಸ್ವಲ್ಪ ದಿನ ಕಮ್ಮಿಯಾಗಿದೆ, ಸವೆತ ವಾಸಿಯಾಗತ್ತೆ ಅಂತ ಮಾತ್ರ ಅಂದ್ಕೋಬೇಡಿ. ಇನ್ನೊಂದು ವಿಷ್ಯ ಕೇಳಿ, ಇದೇ ಕೇಯೊಲಿನ್‌ನ ಲ್ಯಾಬ್‌ನಲ್ಲಿ ಇಲಿ ಕೀಲಿನ ಒಳಗೆ ಇಂಜೆಕ್ಟ್ ಮಾಡಿ ಬೇಕಂತಲೇ ಸಂಧಿವಾತ ಬರಿಸ್ತಾರೆ, ನೋವಿನ ಔಷಧಿ ಪರೀಕ್ಷೆ ಮಾಡೋಕೆ. ಚರ್ಮದ ಹೊರಗೆ ತಂಪು, ಒಳಗೆ ಹೋದ್ರೆ ಅದೇ ಉರಿಯೂತ. ಅದಕ್ಕೇ ತೆರೆದ ಗಾಯಕ್ಕೆ, ಕೀವು ಒಡೆದ ಕುರುವಿಗೆ ಹಚ್ಚಬೇಡಿ ಅಂತ ನಾನು ಪದೇ ಪದೇ ಹೇಳೋದು, ಶುದ್ಧ ಮಾಡದ ಮಣ್ಣಲ್ಲಿ ಧನುರ್ವಾಯು ರೋಗಾಣುನೂ ಇರಬಹುದು.

ಉಳುಕಿಗೆ ಮೊದಲ ಎರಡು ದಿನ ತಣ್ಣಗಿನ ಲೇಪ ಮಾತ್ರ, ಅರ್ಧ ಬೆರಳು ದಪ್ಪ, ಮೇಲೊಂದು ಒದ್ದೆ ಬಟ್ಟೆ, ಕಾಲು ಎತ್ತರದಲ್ಲಿಟ್ಟು ಇಪ್ಪತ್ತು ನಿಮಿಷ. ಆಗ ಕೆಲಸ ಮಾಡೋದು ಜಾಸ್ತಿ ಅದರ ತಂಪೇ, ನೀರು ಆರ್ತಾ ಆರ್ತಾ ಬಿಸಿ ಎಳ್ಕೊಳತ್ತೆ. ಹಳೇ ನೋವಿಗೆ ಬೆಚ್ಚಗೆ ಹಾಕ್ಬಹುದು, ಬಿಸಿನೀರಿನ ಪಾತ್ರೆಯೊಳಗೆ ಬಟ್ಟಲಿಟ್ಟು ಕಾಯಿಸಿ, ಮೈಕ್ರೊವೇವ್ ಬೇಡ, ಮೇಲೆ ಉಗುರುಬೆಚ್ಚಗಿದ್ದು ನಡುವೆ ಸುಡ್ತಿರತ್ತೆ, ಮಣ್ಣು ಬಿಸಿನ ಬೇಗ ಬಿಡಲ್ಲ. ಚೆನ್ನಾಗಿ ಕದಡಿ ಮಣಿಕಟ್ಟಿನ ಒಳಭಾಗಕ್ಕೆ ತಾಗಿಸಿ ನೋಡಿ ಹಾಕಿ. ಶುಗರ್ ಇದ್ದು ಪಾದ ಮರಗಟ್ಟೋರಿಗೆ ಬೆಚ್ಚಗಿನ ಪಟ್ಟು ಬೇಡವೇ ಬೇಡ, ಸುಟ್ಟಿದ್ದು ಅವರಿಗೆ ಗೊತ್ತಾಗಲ್ಲ. ಕೀಲು ಕೆಂಪಾಗಿ ಬಿಸಿಯಾಗಿ ಜ್ವರನೂ ಬಂದಿದ್ರೆ ಮಣ್ಣು ಕಲಸ್ತಾ ಕೂರ್ಬೇಡಿ, ಅವತ್ತೇ ಡಾಕ್ಟರ್ ಹತ್ರ ಹೋಗಿ.

ಹೊಟ್ಟೆ ಉರಿಗೆ ಅಂತ ಕುಡಿಯೋರೂ ಇದಾರೆ, ದಯವಿಟ್ಟು ಬೇಡ. ಕೆಲವು ಮಣ್ಣಲ್ಲಿ ಸೀಸ, ಆರ್ಸೆನಿಕ್ ಇರತ್ತೆ, 2016ರಲ್ಲಿ ಅಮೆರಿಕದ ಆಹಾರ, ಔಷಧಿ ನೋಡ್ಕೊಳ್ಳೋ ಸರ್ಕಾರಿ ಸಂಸ್ಥೆ ಎಫ್‌ಡಿಎ ಒಂದು ಬೆಂಟೊನೈಟ್ ಪುಡಿಯಲ್ಲಿ ಸೀಸ ಜಾಸ್ತಿ ಇದೆ ಅಂತ ಜನರಿಗೆ ಎಚ್ಚರಿಕೆ ಕೊಟ್ಟಿತ್ತು. ಗರ್ಭಿಣಿಯರು, ಮಕ್ಕಳು ಅಂತೂ ಬಾಯಿಗೇ ಹಾಕ್ಬಾರ್ದು. ಜೊತೆಗೆ ಅದು ಮಾತ್ರೆನೂ ಹಿಡ್ಕೊಂಡ್ಬಿಡತ್ತೆ, ಟೆಟ್ರಾಸೈಕ್ಲಿನ್ ಥರದ ಆಂಟಿಬಯೋಟಿಕ್ ಮೈಗೆ ಸರಿಯಾಗಿ ಹತ್ತೋದೇ ಇಲ್ಲ. ಡಾಕ್ಟರೇ ಭೇದಿಗೆ ಸ್ಮೆಕ್ಟೈಟ್ ಅನ್ನೋ ಔಷಧಿ ಜೇಡಿಮಣ್ಣಿನ ಪುಡಿ ಬರೆದ್ರೆ ಅದು ಬೇರೆ, ಬೇರೆ ಮಾತ್ರೆಗೆ ಎಷ್ಟು ಗಂಟೆ ಗ್ಯಾಪ್ ಬೇಕು ಅಂತ ಅವರನ್ನೇ ಕೇಳಿ.

ಒಣ ಪುಡಿ ಗಾಳಿ ಆಡದ ಡಬ್ಬೀಲಿ ವರ್ಷಗಟ್ಲೆ ಇರತ್ತೆ, ಕಲಸಿದ್ದು ಮಾತ್ರ ಆ ಹೊತ್ತಿಗೇ ಮುಗಿಸ್ಬೇಕು, ಇಟ್ರೆ ಬೂಸ್ಟು ಹಿಡಿಯತ್ತೆ. ತೆಗೆದಿದ್ದನ್ನ ಸಿಂಕ್‌ಗೆ ತೊಳೆದುಬಿಡ್ಬೇಡಿ, ಪೈಪ್ ತಿರುವಲ್ಲಿ ಕೂತು ಗಟ್ಟಿಯಾಗತ್ತೆ, ಮೊದ್ಲು ಹಳೇ ಬಟ್ಟೇಲಿ ಒರೆಸಿ ಕಸಕ್ಕೆ ಹಾಕಿ ಆಮೇಲೆ ಮುಖ ತೊಳ್ಕೊಳಿ.