ಫಾರ್ಮ್ಯಾಟ್ ಹೊಡೆಯುವ ಮುನ್ನ ಗೇಮ್‌ಗಳ ಗಂಟು ಕಟ್ಟಿ

'ಹೊಸ ವಿಂಡೋಸ್ ಹಾಕಿಕೊಡಿ' ಎಂದು ಕಂಪ್ಯೂಟರ್ ಅಂಗಡಿಗೆ ಹೋದರೆ ಎದುರಿನಿಂದ ಬರುವ ಮೊದಲ ಪ್ರಶ್ನೆ: 'ಸಿ ಡ್ರೈವ್‌ನಲ್ಲಿ ಏನಾದ್ರೂ ಇದೆಯಾ?' ವರ್ಷಗಳ ಹಿಂದೆ ನಾನು ಧೈರ್ಯವಾಗಿ 'ಏನೂ ಇಲ್ಲ, ಫಾರ್ಮ್ಯಾಟ್ ಹೊಡೀರಿ' ಎಂದು ಆ ಡ್ರೈವನ್ನು ಪೂರ್ತಿ ಅಳಿಸಲು ಒಪ್ಪಿದ್ದೆ. ಗೇಮ್‌ಗಳೆಲ್ಲ ಡಿ ಡ್ರೈವ್‌ನಲ್ಲಿದ್ದವಲ್ಲ! ಮನೆಗೆ ಬಂದು ಜಿಟಿಎ ವೈಸ್ ಸಿಟಿ ಕ್ಲಿಕ್ಕಿಸಿದೆ. ಏನೂ ಆಗಿಲ್ಲವೆಂಬಂತೆ ತೆರೆದುಕೊಂಡಿತು. 'ಲೋಡ್ ಗೇಮ್' ಒತ್ತಿದರೆ ಎಂಟಕ್ಕೆ ಎಂಟೂ ಜಾಗ ಖಾಲಿ. ಆಟ ಇದ್ದದ್ದು ಡಿ ಡ್ರೈವ್‌ನಲ್ಲಿ. ನಾನು ಆಡಿದ್ದು ಇದ್ದದ್ದು ಸಿ ಡ್ರೈವ್‌ನ ಡಾಕ್ಯುಮೆಂಟ್ಸ್‌ನಲ್ಲಿ, 'ಜಿಟಿಎ ವೈಸ್ ಸಿಟಿ ಯೂಸರ್ ಫೈಲ್ಸ್' ಎಂಬ ಪುಟ್ಟ ಫೋಲ್ಡರ್‌ನೊಳಗೆ.

ವಿಂಡೋಸ್ 10ಕ್ಕೆ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದ ಮೇಲೆ ಅನೇಕರು ವಿಂಡೋಸ್ 11ರ ಕಡೆ ಹೊರಟಿದ್ದಾರೆ. ಹೊರಡುವ ಮುನ್ನ ಒಂದು ವಿಷಯ ತಿಳಿದಿರಲಿ. ಗೇಮ್ ಎಂಬುದು ಒಂದೇ ಮೂಟೆಯಲ್ಲ. ಹತ್ತಾರು ಜಿಬಿಯ ಫೈಲುಗಳದ್ದು ಒಂದು ಭಾಗ. ಅದು ಹೋದರೆ ಮತ್ತೆ ಡೌನ್‌ಲೋಡ್ ಮಾಡಬಹುದು. ಆ ಗೇಮ್ ಇಲ್ಲಿದೆ ಎಂದು ವಿಂಡೋಸ್‌ನ ರಿಜಿಸ್ಟ್ರಿ ಎಂಬ ಲೆಕ್ಕದ ಪುಸ್ತಕದಲ್ಲೋ, ಗೇಮ್ ಕೊಂಡು ಓಡಿಸುವ ಸ್ಟೀಮ್, ಎಪಿಕ್‌ನಂಥ ಲಾಂಚರ್‌ಗಳಲ್ಲೋ ದಾಖಲಾಗಿರುವುದು ಇನ್ನೊಂದು. ಇದು ಅಳಿಸಿಹೋದರೆ ಜಮೀನಿದ್ದೂ ಪಹಣಿ ಇಲ್ಲದ ಸ್ಥಿತಿ. ಮೂರನೆಯದು ನೀವು ಆಡಿ ಗಳಿಸಿದ ಸೇವ್ ಫೈಲ್. ಕೆಲವೇ ಎಂಬಿ, ಆದರೆ ಹೋದರೆ ಎಲ್ಲೂ ಸಿಗದು. ನಾವೆಲ್ಲ ಭಾರದ ಮೂಟೆಗೆ ಕಾವಲು ಕೂತು ಈ ಚಿಲ್ಲರೆಯನ್ನು ಕಳೆದುಕೊಳ್ಳುತ್ತೇವೆ. ಹಾಗಾಗಿ ಕೆಲಸವನ್ನು ಚಿಲ್ಲರೆಯಿಂದಲೇ ಆರಂಭಿಸೋಣ.

ಮೊದಲು ಸೇವ್ ಫೈಲ್

ಇವು ಅಡಗುವ ಜಾಗ ಒಂದಲ್ಲ. ಡಾಕ್ಯುಮೆಂಟ್ಸ್, ಅದರೊಳಗಿನ 'ಮೈ ಗೇಮ್ಸ್', ಯೂಸರ್ ಫೋಲ್ಡರ್‌ನಲ್ಲೇ ಇರುವ 'ಸೇವ್ಡ್ ಗೇಮ್ಸ್' ಇವು ಕಣ್ಣಿಗೆ ಕಾಣುವಂಥವು. ಕಾಣದ ಜಾಗ ಆ್ಯಪ್‌ಡೇಟಾ. ವಿಂಡೋಸ್ ಇದನ್ನು ಬಚ್ಚಿಟ್ಟಿರುತ್ತದೆ. ವಿಂಡೋಸ್ ಕೀ ಮತ್ತು 'ಆರ್' ಒಟ್ಟಿಗೆ ಒತ್ತಿ, ಬರುವ ಪೆಟ್ಟಿಗೆಯಲ್ಲಿ ಹಿಂದೆ ಮುಂದೆ ಪರ್ಸೆಂಟ್ ಚಿಹ್ನೆ ಹಾಕಿ ಆ್ಯಪ್‌ಡೇಟಾ ಎಂದು ಇಂಗ್ಲಿಷಿನಲ್ಲಿ ಟೈಪಿಸಿದರೆ ನೇರ ರೋಮಿಂಗ್ ಫೋಲ್ಡರ್‌ಗೆ ಹೋಗುತ್ತೀರಿ. ಮೈನ್‌ಕ್ರಾಫ್ಟ್ ಜಾವಾ ಆವೃತ್ತಿಯಲ್ಲಿ ಮಕ್ಕಳು ಕಟ್ಟಿದ ಲೋಕಗಳೆಲ್ಲ ಇರುವುದು ಇಲ್ಲೇ. ಒಂದು ಮೆಟ್ಟಿಲು ಹಿಂದೆ ಬಂದರೆ ಲೋಕಲ್, ಲೋಕಲ್‌ಲೋ ಎಂಬ ಇನ್ನೆರಡು. ಯಾವ ಗೇಮ್ ಎಲ್ಲಿ ಬರೆದಿಟ್ಟಿದೆ ಎಂದು ಹುಡುಕುವ ತಾಳ್ಮೆ ನನಗಂತೂ ಇಲ್ಲ. ಜಾಗವಿದ್ದರೆ ಸಿ ಡ್ರೈವ್‌ನ 'ಯೂಸರ್ಸ್' ಒಳಗಿರುವ ನಿಮ್ಮ ಹೆಸರಿನ ಫೋಲ್ಡರನ್ನು ಇಡಿಯಾಗಿ ಎತ್ತಿಬಿಡಿ. ಬಚ್ಚಿಟ್ಟ ಫೈಲುಗಳು ಕಾಣುವಂತೆ 'ವ್ಯೂ' ಮೆನುವಿನಲ್ಲಿ ಟಿಕ್ ಹಾಕಿಕೊಳ್ಳಲು ಮರೆಯಬೇಡಿ.

ಒನ್‌ಡ್ರೈವ್ ಬಳಸುವವರು ಇನ್ನೊಂದು ನೋಡಿಕೊಳ್ಳಬೇಕು. ಅದು ಡಾಕ್ಯುಮೆಂಟ್ಸನ್ನು ತನ್ನೊಳಗೆ ಎಳೆದುಕೊಂಡಿದ್ದರೆ ಸೇವ್‌ಗಳು ಇರುವುದು ಒನ್‌ಡ್ರೈವ್‌ನೊಳಗಿನ ಡಾಕ್ಯುಮೆಂಟ್ಸ್‌ನಲ್ಲಿ. ಹಳೆಯ ಡಾಕ್ಯುಮೆಂಟ್ಸ್ ಖಾಲಿ ಬಿಂದಿಗೆಯಂತೆ ಪಕ್ಕದಲ್ಲೇ ಬಿದ್ದಿರುತ್ತದೆ.

ಗೇಮ್‌ನ ದೊಡ್ಡ ಫೈಲುಗಳನ್ನೂ ನಕಲು ಮಾಡುವುದಾದರೆ ಪೆನ್‌ಡ್ರೈವ್ ಅಥವಾ ಹೊರಗಿನ ಹಾರ್ಡ್‌ಡಿಸ್ಕ್ ಎಕ್ಸ್‌ಫ್ಯಾಟ್ ಇಲ್ಲವೇ ಎನ್‌ಟಿಎಫ್‌ಎಸ್ ಮಾದರಿಯಲ್ಲಿ ಫಾರ್ಮ್ಯಾಟ್ ಆಗಿರಲಿ. ಫ್ಯಾಟ್32 ಆಗಿದ್ದರೆ 4 ಜಿಬಿ ಮೀರಿದ ಒಂದೇ ಒಂದು ಫೈಲೂ ಹೋಗದು, ಜಾಗ ಎಷ್ಟೇ ಇರಲಿ.

ಫಾರ್ಮ್ಯಾಟ್ ಬೇಕೇ?

ನನ್ನನ್ನು ಕೇಳಿದರೆ, ಹೆಚ್ಚಿನವರಿಗೆ ಬೇಕಿಲ್ಲ. ವಿಂಡೋಸ್ 10ರ ಮೇಲೆಯೇ 11 ಕೂರಿಸಬಹುದು. ಗೇಮ್, ಸೇವ್, ಪಹಣಿ ಮೂರೂ ಇದ್ದಲ್ಲೇ ಇರುತ್ತವೆ. ಆದರೆ ಯಂತ್ರಕ್ಕೆ ಅರ್ಹತೆ ಬೇಕು: ಟಿಪಿಎಂ 2.0 (ಭದ್ರತೆಯ ಚಿಪ್), ಸೆಕ್ಯೂರ್ ಬೂಟ್ (ಕಂಪ್ಯೂಟರ್ ಏಳುವಾಗ ಅಪರಿಚಿತ ತಂತ್ರಾಂಶ ತಡೆಯುವ ವ್ಯವಸ್ಥೆ), 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಇಂಟೆಲ್ ಆದರೆ ಸರಿಸುಮಾರು 8ನೇ ತಲೆಮಾರಿನಿಂದ ಈಚಿನ ಪ್ರೊಸೆಸರ್. ಮೈಕ್ರೋಸಾಫ್ಟ್‌ನ 'ಪಿಸಿ ಹೆಲ್ತ್ ಚೆಕ್' ಎಂಬ ಉಚಿತ ತಂತ್ರಾಂಶ ಇದನ್ನೆಲ್ಲ ಒಂದೇ ನೋಟಕ್ಕೆ ಹೇಳುತ್ತದೆ. ಟಿಪಿಎಂ ಇಲ್ಲ ಎಂದರೆ ಗಾಬರಿ ಬೇಡ. ಬಯಾಸ್‌ನಲ್ಲಿ (ವಿಂಡೋಸ್‌ಗೂ ಮೊದಲು ತೆರೆಯುವ ಸೆಟ್ಟಿಂಗ್ಸ್ ಪರದೆ) ಇಂಟೆಲ್ ಬೋರ್ಡ್‌ಗಳಲ್ಲಿ 'ಪಿಟಿಟಿ', ಎಎಂಡಿಯಲ್ಲಿ 'ಎಫ್‌ಟಿಪಿಎಂ' ಎಂಬ ಹೆಸರಲ್ಲಿ ಮಲಗಿರಬಹುದು, ಎಬ್ಬಿಸಬೇಕು. ಬಯಾಸ್ ಮುಟ್ಟುವ ಮುನ್ನ ಡ್ರೈವ್‌ಗೆ ಬೀಗ ಹಾಕುವ ಬಿಟ್‌ಲಾಕರ್‌ನ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ.

ಇಲ್ಲೇ ಬಹಳ ಜನ ಎಡವುವುದು: ಪೆನ್‌ಡ್ರೈವ್‌ನಿಂದ ಬೂಟ್ ಮಾಡಿದರೆ ಗೇಮ್‌ಗಳನ್ನು ಉಳಿಸಿಕೊಳ್ಳುವ ಆಯ್ಕೆಯೇ ಸಿಗದು. ವಿಂಡೋಸ್ 10 ಓಡುತ್ತಿರುವಾಗಲೇ ಇಳಿಸಿಕೊಂಡ ವಿಂಡೋಸ್ 11ರ ಐಎಸ್‌ಒ ಫೈಲನ್ನು (ಇಡೀ ಇನ್‌ಸ್ಟಾಲ್ ಡಿಸ್ಕ್‌ನ ಪಡಿಯಚ್ಚು) ಬಲ ಕ್ಲಿಕ್ಕಿಸಿ ಮೌಂಟ್ ಮಾಡಿ, ಒಳಗಿನ ಸೆಟಪ್ ಓಡಿಸಬೇಕು. ಕೊನೆಯ ಪರದೆಯಲ್ಲಿ 'ಕೀಪ್ ಪರ್ಸನಲ್ ಫೈಲ್ಸ್ ಆ್ಯಂಡ್ ಆ್ಯಪ್ಸ್' ಎಂದಿದೆಯೇ ನೋಡಿ. 'ಪರ್ಸನಲ್ ಫೈಲ್ಸ್ ಓನ್ಲಿ' ಎಂದಿದ್ದರೆ ಇನ್‌ಸ್ಟಾಲ್ ಒತ್ತಬೇಡಿ. ಮೊದಲ ಆಯ್ಕೆ ಮಂಕಾಗಿದ್ದರೆ ಭಾಷೆಯ ಮೇಲೆ ಅನುಮಾನಪಡಿ: ನಿಮ್ಮಲ್ಲಿರುವುದು ಅಮೆರಿಕನ್ ಇಂಗ್ಲಿಷ್, ಇಳಿಸಿಕೊಂಡಿರುವುದು 'ಇಂಗ್ಲಿಷ್ ಇಂಟರ್‌ನ್ಯಾಷನಲ್' ಆಗಿರಬಹುದು. ಎರಡೂ ಇಂಗ್ಲಿಷೇ ಎಂಬ ವಾದಕ್ಕೆ ಸೆಟಪ್ ಕಿವಿಗೊಡದು.

ಹೊಸ ವಿಂಡೋಸ್ ಹಿಡಿಸದಿದ್ದರೆ 10 ದಿನದೊಳಗೆ ಸೆಟ್ಟಿಂಗ್ಸ್‌ನ ರಿಕವರಿಯಲ್ಲಿ 'ಗೋ ಬ್ಯಾಕ್' ಒತ್ತಿ ಹಿಂದಿರುಗಬಹುದು. ಅಲ್ಲಿಯವರೆಗೆ ಡಿಸ್ಕ್ ಕ್ಲೀನಪ್ ಮಾಡಿ 'ವಿಂಡೋಸ್ ಓಲ್ಡ್' ಫೋಲ್ಡರ್ ಅಳಿಸಬೇಡಿ.

ಫಾರ್ಮ್ಯಾಟೇ ಗತಿ ಎಂದಾದರೆ

ವಿಂಡೋಸ್ 7ರಿಂದ ನೇರ 11ಕ್ಕೆ ಹೋಗುವವರಿಗೆ, 32 ಬಿಟ್ ವಿಂಡೋಸ್ ಇರುವವರಿಗೆ ಬೇರೆ ದಾರಿಯಿಲ್ಲ. ಇನ್‌ಸ್ಟಾಲ್ ಮಾಡುವಾಗ ಪಾರ್ಟಿಷನ್ (ಡಿಸ್ಕ್‌ನ ಭಾಗ) ಆರಿಸುವ ಪರದೆಯಲ್ಲಿ ಸಿ, ಡಿ ಎಂಬ ಅಕ್ಷರಗಳು ಕಾಣುವುದಿಲ್ಲ. ಹಾಗಾಗಿ ಪ್ರತಿ ಡ್ರೈವ್‌ನ ಗಾತ್ರ ಮೊದಲೇ ಬರೆದಿಟ್ಟುಕೊಂಡು, ಅಂಗಡಿಯವರಿಗೂ ಚೀಟಿ ಕೊಡಿ.

ಡಿ ಡ್ರೈವ್‌ನಲ್ಲಿ ಉಳಿದ ಗೇಮ್‌ಗಳಿಗೆ ಪಹಣಿ ಮಾಡಿಸುವುದು ಸ್ಟೀಮ್‌ನಲ್ಲಿ ಸಲೀಸು. ಹೊಸದಾಗಿ ಸ್ಟೀಮ್ ಹಾಕಿ, ಸೆಟ್ಟಿಂಗ್ಸ್‌ನ ಸ್ಟೋರೇಜ್‌ಗೆ ಹೋಗಿ ಡಿ ಡ್ರೈವನ್ನು ಸೇರಿಸಿ. ಅಲ್ಲಿನ 'ಸ್ಟೀಮ್‌ಆ್ಯಪ್ಸ್' ಫೋಲ್ಡರ್‌ನಲ್ಲಿ ಪ್ರತಿ ಗೇಮ್‌ಗೂ ಒಂದು ಆ್ಯಪ್‌ಮ್ಯಾನಿಫೆಸ್ಟ್ ಫೈಲ್ ಇರುತ್ತದೆ. ಅದನ್ನು ಓದಿ ಸ್ಟೀಮ್ ಗುರುತು ಹಿಡಿಯುತ್ತದೆ. ಬ್ಯಾಕಪ್ ಮಾಡುವಾಗ ಗೇಮ್ ಇರುವ 'ಕಾಮನ್' ಫೋಲ್ಡರ್ ಮಾತ್ರ ನಕಲಿಸಿ ಇವನ್ನು ಬಿಟ್ಟುಬಂದಿದ್ದರೂ ಹೆದರಬೇಡಿ. ಗೇಮನ್ನು ಅದೇ ಜಾಗದಲ್ಲಿಟ್ಟು 'ಇನ್‌ಸ್ಟಾಲ್' ಒತ್ತಿದರೆ ಇರುವ ಫೈಲುಗಳನ್ನು ತಪಾಸಣೆ ಮಾಡಿ, ಕೊರತೆಯಷ್ಟನ್ನೇ ಇಳಿಸಿಕೊಳ್ಳುತ್ತದೆ.

ಎಪಿಕ್‌ಗೆ ಸ್ವಲ್ಪ ಕಣ್ಕಟ್ಟು ಬೇಕು. ಹಳೆಯ ಗೇಮ್ ಫೋಲ್ಡರ್‌ನ ಹೆಸರು ಬದಲಿಸಿ. ಅದೇ ಜಾಗಕ್ಕೆ ಗೇಮ್ ಇನ್‌ಸ್ಟಾಲ್ ಮಾಡಲು ಶುರುಮಾಡಿ, ಒಂದೆರಡು ಶೇಕಡಾ ಆದೊಡನೆ ನಿಲ್ಲಿಸಿ ಲಾಂಚರ್ ಮುಚ್ಚಿ. ಹಳೆಯ ಫೋಲ್ಡರ್‌ನ ಫೈಲುಗಳನ್ನು ಹೊಸದರೊಳಗೆ ಸುರಿದು ಮತ್ತೆ ಮುಂದುವರಿಸಿ. 100 ಜಿಬಿಯ ಗೇಮ್ 40 ಎಂಬಿಪಿಎಸ್ ಸಂಪರ್ಕದಲ್ಲಿ ಇಳಿಯಲು ಐದೂವರೆ ಗಂಟೆ ಬೇಕು. ಡಿಸ್ಕ್‌ನಲ್ಲಿರುವುದನ್ನು ಪರಿಶೀಲಿಸಲು ಅಷ್ಟು ಹೊತ್ತು ಬೇಕಿಲ್ಲ.

ಸಿ.ಡಿ.ಯಿಂದ ಹಾಕಿದ ಗೇಮ್‌ಗಳ ಕತೆ ಬೇರೆ. ಫೋಲ್ಡರ್ ಇದ್ದಷ್ಟಕ್ಕೇ ಕೆಲವು ಓಡುತ್ತವೆ, ಕೆಲವು ಯಾವುದೋ ಡಿಎಲ್‌ಎಲ್ ಎಂಬ ಸಹಾಯಕ ಫೈಲ್ ಇಲ್ಲವೆಂದು ಮುನಿಸಿಕೊಳ್ಳುತ್ತವೆ. ಮೈಕ್ರೋಸಾಫ್ಟ್‌ನ 2010ರ ಜೂನ್ ತಿಂಗಳ ಡೈರೆಕ್ಟ್‌ಎಕ್ಸ್ ಪ್ಯಾಕೇಜ್ ಮತ್ತು ವಿಷುಯಲ್ ಸಿ ಪ್ಲಸ್ ಪ್ಲಸ್ ಫೈಲುಗಳನ್ನು ಹಾಕಿದರೆ ಬಹುಪಾಲು ಮುನಿಸು ಇಳಿಯುತ್ತದೆ. ಡಿಎಲ್‌ಎಲ್ ಒಂದನ್ನೇ ಸಿಕ್ಕಸಿಕ್ಕ ಕಡೆಯಿಂದ ಇಳಿಸಿಕೊಳ್ಳಬೇಡಿ. ನಕಲು ತಡೆಯುವ ಸೇಫ್‌ಡಿಸ್ಕ್ ಬೀಗವಿರುವ ಹಳೆಯ ಡಿಸ್ಕ್ ಗೇಮ್‌ಗಳನ್ನು ವಿಂಡೋಸ್ 10ರಿಂದಲೇ ಕೈಬಿಡಲಾಗಿದೆ, ಆ ಡಿಸ್ಕ್‌ನಿಂದ ಅವು ಏಳುವುದಿಲ್ಲ. ವಿಂಡೋಸ್‌ಗೂ ಹಿಂದಿನ ಡಾಸ್ ಕಾಲದ್ದಾದರೆ ಡಾಸ್‌ಬಾಕ್ಸ್ ಎಂಬ ತಂತ್ರಾಂಶ ಹಾಕಿಕೊಂಡು ಆಡಬಹುದು. ವ್ಯಾಲರಂಟ್ ಎಂಬ ಆನ್‌ಲೈನ್ ಗೇಮ್ ಆಡುವವರು ಸೆಕ್ಯೂರ್ ಬೂಟ್ ಮತ್ತು ಟಿಪಿಎಂ ಎರಡೂ ಚಾಲೂ ಇವೆಯೇ ನೋಡಿಕೊಳ್ಳಿ. ವಿಂಡೋಸ್ 11ರಲ್ಲಿ ಅವಿಲ್ಲದೆ ಆ ಗೇಮ್ ಒಳಗೆ ಬಿಟ್ಟುಕೊಳ್ಳದು.

ಕೊನೆಗೆ ಸೇವ್‌ಗಳನ್ನು ಹಳೆಯ ಜಾಗಗಳಲ್ಲೇ ಇಟ್ಟು ಗೇಮ್ ತೆರೆಯಿರಿ. ಸ್ಟೀಮ್ 'ಕ್ಲೌಡ್‌ನಲ್ಲಿರುವ ಸೇವ್ ಬೇಕೋ, ಕಂಪ್ಯೂಟರ್‌ನಲ್ಲಿರುವುದೋ' ಎಂದು ಕೇಳಿದರೆ ದಿನಾಂಕ ನೋಡಿ ಉತ್ತರಿಸಿ. ತಪ್ಪಾಗಿ ಒತ್ತಿದರೆ ಹಳೆಯದು ಹೊಸದರ ಮೇಲೆ ಕೂರುತ್ತದೆ. ಲೋಡ್ ಆಗಿ, ಒಂದು ಸುತ್ತು ಆಡಿ, ಮತ್ತೆ ಸೇವ್ ಆದ ಮೇಲಷ್ಟೇ ಪೆನ್‌ಡ್ರೈವ್ ಖಾಲಿ ಮಾಡಿ.