ಕಬ್ಬಿನ ಸಿಪ್ಪೆಯಿಂದ ಲಿಗ್ನಿನ್ ಬಿಡಿಸೋದು ಹೇಗೆ, ಬಿಡಿಸಿದ್ದು ವಾಪಸ್ ಅಂಟದ ಹಾಗೆ ನೋಡ್ಕೊಳ್ಳೋದು ಹೇಗೆ

ಮನೇಲೇ ಪೇಪರ್ ಮಾಡೋಕೆ ನಾರು ಬೇಕು ಅಂದ್ರೆ ಅದಕ್ಕೆ ಅಂಟ್ಕೊಂಡಿರೋ ಲಿಗ್ನಿನ್ ಬಿಡಿಸ್ಬೇಕು. ಕಬ್ಬಿನ ಹಾಲಿನ ಗಾಡಿ ಹತ್ರ ಕೇಳಿದ್ರೆ ಸಿಪ್ಪೆ ಪುಕ್ಸಟ್ಟೆ ಕೊಡ್ತಾರೆ, ಒಂದು ಚೀಲ ತಂದು ಸಕ್ಕರೆ ಅಂಟು ಹೋಗೋ ಹಾಗೆ ತೊಳ್ದು ಗರಿಗರಿ ಒಣಗಿಸ್ಕೊಳ್ಳಿ. ಮರದ ಚಕ್ಕೆ ಯಾಕೆ ಬೇಡ ಅಂದ್ರೆ, ನಾರುಗಳನ್ನ ಒಂದಕ್ಕೊಂದು ಅಂಟಿಸಿ ಹಿಡ್ಕೊಂಡಿರೋ ಲಿಗ್ನಿನ್ ಇದ್ದ ಹಾಗೇ ಕರಗೋ ಪೈಕಿ ಅಲ್ಲ, ಮೊದಲು ತುಂಡಾಗ್ಬೇಕು, ಆಮೇಲೆ ಆ ತುಂಡು ಕರಗ್ಬೇಕು, ಮರದಲ್ಲಿ ತುಂಡು ಮಾಡೋಕೆ ಈಥರ್ ಬಾಂಡ್ (ಸುಲಭಕ್ಕೆ ಬಿಡದ ಒಂದು ಗಟ್ಟಿ ರಾಸಾಯನಿಕ ಕೊಂಡಿ) ಮುರೀಬೇಕು, ಅದಕ್ಕೆ 160-170 ಡಿಗ್ರಿ ಬೇಕು, ಅಂದ್ರೆ ಪ್ರೆಶರ್ ಇರೋ ಡೈಜೆಸ್ಟರ್ರೇ (ಮಿಲ್‌ನ ದೊಡ್ಡ ಬೇಯಿಸೋ ಪಾತ್ರೆ) ಬೇಕು. ಕಬ್ಬು, ಭತ್ತ ಎಲ್ಲ ಹುಲ್ಲಿನ ಜಾತಿ. ಇವುಗಳಲ್ಲಿ ಕ್ಷಾರಕ್ಕೆ ಸುಲಭವಾಗಿ ಮುರಿಯೋ ಎಸ್ಟರ್ ಬಾಂಡ್ ಜಾಸ್ತಿ, ಕ್ಷಾರದಲ್ಲಿ ಕರಗೋಕೆ ನೆರವಾಗೋ ಫ್ರೀ ಫೀನಾಲ್ ಗುಂಪೂ ಜಾಸ್ತಿ, ಅದಕ್ಕೇ ಬರೀ ಕುದಿಯೋ ಕಾಸ್ಟಿಕ್ ಸೋಡಾ ನೀರಿಗೇ ಸುಮಾರಾಗಿ ಬಿಟ್ಕೊಡುತ್ತೆ. ಭತ್ತದ ಹುಲ್ಲೂ ನಡೆಯುತ್ತೆ, ಆದ್ರೆ ಅದ್ರಲ್ಲಿ ಸಿಲಿಕಾ ತುಂಬಾ, ಅದೂ ಕ್ಷಾರದಲ್ಲಿ ಕರಗಿ ಆಮೇಲೆ ಲಿಗ್ನಿನ್ ಜೊತೆಗೇ ಕೆಳಗೆ ಕೂರುತ್ತೆ, ತಲೆನೋವು.

ಒಣಗಿದ ಸಿಪ್ಪೆನ ಕೈಯಲ್ಲಿ ಉಜ್ಜಿ ಜರಡಿ ಹಿಡೀರಿ, ಒಳಗಿನ ಮೆತ್ತನೆ ತಿರುಳು ಉದುರಿ ಹೋಗ್ಲಿ, ಅದು ಸುಮ್ನೆ ಕಾಸ್ಟಿಕ್ ಕುಡಿಯುತ್ತೆ, ಪೇಪರಿಗೂ ಪ್ರಯೋಜನ ಇಲ್ಲ. ಉಳಿದಿದ್ದನ್ನ ಎರಡು ಸೆಂಟಿಮೀಟರ್ ತುಂಡು ಮಾಡಿ 100 ಗ್ರಾಂ ತೂಗಿ. ಸ್ಟೀಲ್ ಪಾತ್ರೆಲಿ ಒಂದೂವರೆ ಲೀಟರ್ ತಣ್ಣೀರು ಹಾಕಿ ಅದಕ್ಕೆ 15 ಗ್ರಾಂ ಕಾಸ್ಟಿಕ್ ಸೋಡಾ ಸ್ವಲ್ಪ ಸ್ವಲ್ಪವಾಗಿ ಹಾಕಿ. ಕಾಸ್ಟಿಕ್ ಮೇಲೆ ನೀರು ಸುರಿಯೋ ಕೆಲಸ ಬೇಡ, ಸಿಡಿಯುತ್ತೆ. ಕನ್ನಡಕ, ಗ್ಲೌಸ್ ಇಲ್ದೆ ಶುರುನೇ ಮಾಡ್ಬೇಡಿ. ಅಲ್ಯೂಮಿನಿಯಂ ಪಾತ್ರೆ ಅಂತೂ ಮುಟ್ಲೇಬೇಡಿ, ಕಾಸ್ಟಿಕ್ ಅದನ್ನ ತಿಂದು ಹೈಡ್ರೋಜನ್ ಬಿಡುತ್ತೆ. ಕುಕ್ಕರಲ್ಲಿ ಬೇಗ ಆಗುತ್ತಲ್ವಾ ಅನ್ನೋರಿಗೂ ಇದೇ ಉತ್ತರ, ಜೊತೆಗೆ ನಾರು ಹೋಗಿ ವಾಲ್ವ್‌ಗೆ ಸಿಕ್ಕಿಹಾಕ್ಕೊಂಡ್ರೆ ಕುದಿಯೋ ಕ್ಷಾರ ಮುಖಕ್ಕೇ.

ಗಾಳಿ ಆಡೋ ಜಾಗದಲ್ಲಿ ಎರಡರಿಂದ ಮೂರು ಗಂಟೆ ಕುದಿಸಿ, ಆವಿಯಾದಷ್ಟು ಬಿಸಿನೀರು ಸೇರಿಸ್ತಾ ಇರಿ. ನೀರು ಮೊದ್ಲು ಹಳದಿ ಆಗಿ, ಆಮೇಲೆ ಕಂದು, ಕೊನೆಗೆ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ಬರುತ್ತೆ. ಇದೇ ಬ್ಲ್ಯಾಕ್ ಲಿಕರ್. ಲಿಗ್ನಿನ್ ತುಂಡುಗಳ ಫೀನಾಲ್ ಗುಂಪು ಕ್ಷಾರದಲ್ಲಿ ಹೈಡ್ರೋಜನ್ ಕಳ್ಕೊಂಡು ನೆಗೆಟಿವ್ ಚಾರ್ಜ್ ಪಡೆಯುತ್ತೆ, ಚಾರ್ಜ್ ಇರೋವರೆಗೂ ತುಂಡುಗಳು ಒಂದನ್ನೊಂದು ದೂರ ತಳ್ಕೊಂಡು ನೀರಲ್ಲೇ ಇರ್ತವೆ, ಪಿಎಚ್ (ಆಸಿಡ್-ಕ್ಷಾರದ ಅಳತೆ, 7 ಅಂದ್ರೆ ನ್ಯೂಟ್ರಲ್, ಅದಕ್ಕಿಂತ ಮೇಲೆ ಕ್ಷಾರ) 10ರ ಆಸುಪಾಸಿಗೆ ಇಳೀತು ಅಂದ್ರೆ ಚಾರ್ಜ್ ಹೋಗೋಕೆ ಶುರು.

ಹೊಸಬರು ಎಡವೋದು ತೊಳೆಯೋವಾಗ. ಬೇಯೋಕೆ ಹಾಕಿದ ಕಾಸ್ಟಿಕ್ ಪೂರ್ತಿ ಖರ್ಚಾಗಿದ್ರೆ, ಅಥವಾ ನಾರು ಇನ್ನೂ ಒಳಗಿರೋವಾಗ್ಲೇ ಯಾರೋ ಬುದ್ಧಿವಂತರು ನ್ಯೂಟ್ರಲ್ ಮಾಡೋಣ ಅಂತ ವಿನೆಗರ್ ಸುರಿದ್ರೆ, ಕಷ್ಟಪಟ್ಟು ಕರಗಿಸಿದ ಲಿಗ್ನಿನ್ ವಾಪಸ್ ನಾರಿನ ಮೇಲೇ ಕೂತ್ಕೊಳ್ಳುತ್ತೆ, ಪೇಪರ್ ಕಂದು ಬಣ್ಣಕ್ಕೆ ತಿರುಗಿ ಗಡುಸಾಗುತ್ತೆ. ಮಿಲ್‌ಗಳಲ್ಲೂ ಕುಕಿಂಗ್ ಮುಗಿಯೋವಾಗ ಒಂದಿಷ್ಟು ಕ್ಷಾರ ಉಳಿಯೋ ಹಾಗೆ ಲೆಕ್ಕ ಹಾಕೋದು ಇದಕ್ಕೇ. ಹಾಗಾಗಿ ಬಿಸಿ ಇದ್ದಾಗ್ಲೇ ಬಟ್ಟೆಯಲ್ಲಿ ಸೋಸಿ, ಮೊದಲ ತೊಳೆಯೋ ಬಿಸಿನೀರಿಗೆ ಒಂದು ಚಿಟಿಕೆ ಕಾಸ್ಟಿಕ್ ಹಾಕಿ, ಆಮೇಲೆ ಬರೀ ನೀರಲ್ಲಿ ಬಣ್ಣ ಬಿಡೋದು ನಿಲ್ಲೋವರೆಗೆ ತೊಳೀರಿ. ತೊಳೆದ ನೀರಲ್ಲಿ ಅರಿಶಿನ ಹಚ್ಚಿದ ಪೇಪರ್ ಅದ್ದಿ, ಕೆಂಪಾದ್ರೆ ಕ್ಷಾರ ಇನ್ನೂ ಇದೆ.

ಈಗ ಒಂದು ಲೋಟ ಬ್ಲ್ಯಾಕ್ ಲಿಕರ್ ತಗೊಂಡು ಪೂರ್ತಿ ಆರಿದ ಮೇಲೆ, ನೀರಲ್ಲಿ ಕರಗಿಸಿದ ನಿಂಬೆ ಉಪ್ಪನ್ನ (ಸಿಟ್ರಿಕ್ ಆಸಿಡ್) ನಿಧಾನಕ್ಕೆ ಬಿಡಿ, ಕಲಕ್ತಾ ಇರಿ. ನೊರೆ ಬರುತ್ತೆ, ಕಪ್ಪು ದ್ರವ ಇದ್ದಕ್ಕಿದ್ದ ಹಾಗೆ ಕದಡಿ ತಿಳಿ ಕಂದು ಆಗುತ್ತೆ, ಪಿಎಚ್ ಪೇಪರಲ್ಲಿ 3ರ ಹತ್ರ ಬರೋವಷ್ಟರಲ್ಲಿ ತಳದಲ್ಲಿ ಗಸಿ ಕೂತಿರುತ್ತೆ. ಅದೇ ಲಿಗ್ನಿನ್. 60 ಡಿಗ್ರಿಗೆ ಬಿಸಿ ಮಾಡಿದ್ರೆ ಕಣಗಳು ದಪ್ಪ ಆಗಿ ಸೋಸೋಕೆ ಸುಲಭ. ಒಣಗಿದ ಪುಡಿ ನೀರಿಗೆ ಹಾಕಿ, ಕರಗಲ್ಲ. ಕಾಸ್ಟಿಕ್ ನೀರಿಗೆ ಹಾಕಿದ ಕೂಡ್ಲೇ ಮತ್ತೆ ಕಪ್ಪು. 70 ಪರ್ಸೆಂಟ್ ಸ್ಪಿರಿಟ್‌ನಲ್ಲೂ ಒಂದಷ್ಟು ಕರಗುತ್ತೆ, ಆಲ್ಕೋಹಾಲ್ ಜೊತೆ ನೀರು ಸೇರಿಸಿ ಪಲ್ಪ್ (ಪೇಪರ್ ಮಾಡೋ ನಾರಿನ ಮುದ್ದೆ) ಮಾಡೋ ಆರ್ಗನೋಸಾಲ್ವ್ ವಿಧಾನ ನಿಂತಿರೋದೇ ಇದರ ಮೇಲೆ (ಸ್ಪಿರಿಟ್ ಹತ್ರ ಬೆಂಕಿ ಬೇಡ).

ಈ ಆಸಿಡ್ ಆಟ ಮಿಲ್‌ನ ಕ್ರಾಫ್ಟ್ ಲಿಕರ್ ಜೊತೆ ಮಾತ್ರ ಬೇಡವೇ ಬೇಡ. 1879ರಲ್ಲಿ ಕಾರ್ಲ್ ಡಾಲ್ ಕಂಡುಹಿಡಿದ ಆ ವಿಧಾನದಲ್ಲಿ ಕಾಸ್ಟಿಕ್ ಜೊತೆ ಸೋಡಿಯಂ ಸಲ್ಫೈಡ್ ಇರುತ್ತೆ, ಸಲ್ಫೈಡ್ ಈಥರ್ ಬಾಂಡ್ ಬೇಗ ಮುರಿಯುತ್ತೆ ನಿಜ, ಆದ್ರೆ ಆಸಿಡ್ ಬಿದ್ರೆ ಹೈಡ್ರೋಜನ್ ಸಲ್ಫೈಡ್ ಬರುತ್ತೆ, ಪ್ರಾಣ ತೆಗೆಯೋ ಗ್ಯಾಸ್ ಅದು. ಸಲ್ಫೈಟ್ ಅನ್ನೋ ಉಪ್ಪಿನ ನೀರಲ್ಲಿ ಬೇಯಿಸೋ ಇನ್ನೊಂದು ವಿಧಾನದ ಲಿಗ್ನಿನ್ ಕಥೆನೇ ಬೇರೆ, ಅದಕ್ಕೆ ಸಲ್ಫೋನೇಟ್ ಗುಂಪು ಅಂಟಿರುತ್ತೆ, ಆಸಿಡ್ ಹಾಕಿದ್ರೂ ಚಾರ್ಜ್ ಹೋಗಲ್ಲ, ನೀರಲ್ಲೇ ಇರುತ್ತೆ, ಅದನ್ನೇ ಕಾಂಕ್ರೀಟಿಗೆ ನೀರು ಕಮ್ಮಿ ಹಿಡಿಯಲಿ ಅಂತ ಹಾಕ್ತಾರೆ.

ಉಳಿದ ಲಿಕರ್ ಬಾವಿ, ಕೆರೆ ಕಡೆ ಸುರೀಬೇಡಿ. ದೊಡ್ಡ ಕ್ರಾಫ್ಟ್ ಮಿಲ್‌ಗಳು ಅದನ್ನ ಗಟ್ಟಿ ಮಾಡಿ ಬಾಯ್ಲರಲ್ಲಿ ಸುಟ್ಟು, ಆವಿನೂ ತಗೊಂಡು ಸೋಡಾನೂ ವಾಪಸ್ ಪಡೀತಾರೆ. ನಮಗೆ ಅದಾಗಲ್ಲ, ಉಳಿದ ಲಿಕರ್‌ಗೆಲ್ಲ ಹೀಗೇ ನಿಂಬೆ ಉಪ್ಪು ಹಾಕಿ ಲಿಗ್ನಿನ್ ಸೋಸಿ ತೆಗೆದು, ಉಳಿದ ನೀರನ್ನ ಅಡುಗೆ ಸೋಡಾದಿಂದ 7ಕ್ಕೆ ತಂದು ಬಿಡಿ.

ಪಲ್ಪಲ್ಲಿ ಲಿಗ್ನಿನ್ ಎಷ್ಟು ಉಳಿದಿದೆ ಅಂತ ಮಿಲ್‌ನೋರು ಕಪ್ಪಾ ನಂಬರ್ ನೋಡ್ತಾರೆ, ಪೊಟ್ಯಾಸಿಯಂ ಪರ್ಮ್ಯಾಂಗನೇಟ್ ಎಷ್ಟು ಖರ್ಚಾಯ್ತು ಅನ್ನೋ ಲೆಕ್ಕ, ಅದನ್ನ 0.15ರಿಂದ ಗುಣಿಸಿದ್ರೆ ಹೆಚ್ಚುಕಮ್ಮಿ ಲಿಗ್ನಿನ್ ಪರ್ಸೆಂಟ್. ಮನೇಲಿ ಮೆಡಿಕಲ್ ಶಾಪ್ ಪರ್ಮ್ಯಾಂಗನೇಟಿನ ಒಂದೆರಡು ಹರಳು ನೀರಿಗೆ ಹಾಕಿ, ಒಂದು ಲೋಟಕ್ಕೆ ಹತ್ತಿ, ಇನ್ನೊಂದಕ್ಕೆ ನಿಮ್ಮ ಪಲ್ಪ್ ಹಾಕಿ. ಹತ್ತಿ ಇರೋ ಲೋಟ ನೇರಳೆಯಾಗೇ ಇದ್ದು ಪಲ್ಪ್ ಲೋಟ ಬೇಗ ಕಂದಾದ್ರೆ ಲಿಗ್ನಿನ್ ಇನ್ನೂ ಇದೆ ಅಂತ ಅರ್ಥ, ಮುಂದಿನ ಸಲ ಕಾಸ್ಟಿಕ್ ಜಾಸ್ತಿ ಮಾಡೋ ಬದಲು ಇನ್ನೊಂದು ಗಂಟೆ ಜಾಸ್ತಿ ಕುದಿಸಿ ನೋಡಿ.