ಕಾರಿನ ಎಸಿಗೆ ನಾನೇ ಗ್ಯಾಸ್ ತುಂಬಿದ್ದು

ಎಸಿ ಗ್ಯಾಸ್ ಪೆಟ್ರೋಲಿನ ಹಾಗೆ ಓಡಿದಷ್ಟೂ ಖರ್ಚಾಗುವಂಥದ್ದಲ್ಲ. ಕಮ್ಮಿಯಾಗಿದೆ ಅಂದರೆ ಎಲ್ಲೋ ಸೋರಿದೆ. ಹಾಗಾಗಿ ಕೂಲಿಂಗ್ ಇಳಿದಾಗ ಗ್ಯಾಸ್ ಡಬ್ಬಿ ತರುವ ಮೊದಲು ಸೋರಿಕೆ ಹುಡುಕಲು ಸೋಪಿನ ನೀರು ಕಲಸಿಕೊಂಡೆ.

ಕ್ಯಾಬಿನ್ ಫಿಲ್ಟರ್ ಕ್ಲೀನಾಗಿತ್ತು, ಕಂಡೆನ್ಸರ್ ಫ್ಯಾನ್ ತಿರುಗುತ್ತಿತ್ತು. ಆದರೆ ಗ್ಯಾಸನ್ನು ಒತ್ತುವ ಕಂಪ್ರೆಸರನ್ನು ಎಂಜಿನ್ನಿಗೆ ಜೋಡಿಸುವ ಕ್ಲಚ್ ಟಕ್ ಅಂತ ಹಿಡಿದು ಕೆಲವೇ ಸೆಕೆಂಡಿನಲ್ಲಿ ಬಿಟ್ಟುಬಿಡುತ್ತಿತ್ತು. ಗ್ಯಾಸ್ ಕಮ್ಮಿ ಇದ್ದಾಗ ಒತ್ತಡ ಬೇಗ ಬಿದ್ದು ಪ್ರೆಶರ್ ಸ್ವಿಚ್ ಕಂಪ್ರೆಸರನ್ನು ನಿಲ್ಲಿಸುತ್ತದೆ. ಲೋ ಸೈಡ್ ಪೋರ್ಟಿನ, ಅಂದರೆ ಕಮ್ಮಿ ಒತ್ತಡದ ಕಡೆ ಗ್ಯಾಸ್ ತುಂಬುವ ಬಾಯಿಯ, ಕ್ಯಾಪ್ ತೆಗೆದರೆ ಒಳಗೆ ಎಣ್ಣೆ ಹಿಡಿದ ಧೂಳು. ಸೋಪಿನ ನೀರು ಬಿಟ್ಟೆ. ವಾಲ್ವಿನ ನಡುವಿನಿಂದ ಸಣ್ಣ ಗುಳ್ಳೆಗಳು ಒಂದರ ಹಿಂದೊಂದು ಏಳತೊಡಗಿದವು.

ಉಳಿದಿದ್ದ ಗ್ಯಾಸನ್ನು ರಿಕವರಿ ಮೆಷಿನ್ ಇರುವ ಗ್ಯಾರೇಜಿನಲ್ಲಿ ತೆಗೆಸಿದೆ. ನನ್ನ ಕಾರಿನ ಎಸಿ ಗ್ಯಾಸ್ ಆದ ಆರ್-134ಎ ಕಾರ್ಬನ್ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಹೆಚ್ಚು ಶಾಖ ಹಿಡಿದಿಡುವ ಅನಿಲ, ಗಾಳಿಗೆ ಬಿಡಬಾರದು. ಮನೆಗೆ ಬಂದು ಸೋರುತ್ತಿದ್ದ ವಾಲ್ವಿನ ಒಳತಿರುಳು (ಕೋರ್) ಬದಲಿಸಿ, ಒಳಗಿನ ಗಾಳಿ, ತೇವ ಎಳೆದು ತೆಗೆಯುವ ವ್ಯಾಕ್ಯೂಮ್ ಪಂಪ್ ಹಚ್ಚಿದೆ. ಮುಕ್ಕಾಲು ಗಂಟೆ ಓಡಿಸಿ, ವಾಲ್ವ್ ಮುಚ್ಚಿ, ಅರ್ಧ ಗಂಟೆ ಸುಮ್ಮನೆ ಬಿಟ್ಟೆ. ಗೇಜಿನ ಮುಳ್ಳು ಕದಲಲಿಲ್ಲ, ಅಂದರೆ ಸೋರಿಕೆ ನಿಂತಿತ್ತು. ಈ ಹಂತ ಹಾರಿಸಿದರೆ ಒಳಗೆ ಉಳಿದ ತೇವ, ದ್ರವ ಸಣ್ಣ ಕಂಡಿಯಿಂದ ಹಾದು ತಣ್ಣಗಾಗುವ ಎಕ್ಸ್‌ಪ್ಯಾನ್ಷನ್ ವಾಲ್ವಿನಲ್ಲಿ ಹೆಪ್ಪುಗಟ್ಟಿ ದಾರಿ ಕಟ್ಟುತ್ತದೆ.

ಡಬ್ಬಿಯ ಜೊತೆ ಬರುವ ಬಣ್ಣಬಣ್ಣದ ಗೇಜಿನ ಮೇಲೆ ನನಗೆ ನಂಬಿಕೆಯಿಲ್ಲ. ಎಸಿ ನಿಂತಿರುವಾಗ ಒತ್ತಡ ತೋರಿಸುವುದು ತಾಪಮಾನವನ್ನೇ ಹೊರತು ಪ್ರಮಾಣವನ್ನಲ್ಲ. ಒಳಗೆ ಒಂದಿಷ್ಟು ದ್ರವ ಇರುವ ತನಕ, 30 ಡಿಗ್ರಿಯಲ್ಲಿ ಅದು ಗೇಜಿನಲ್ಲಿ ಸುಮಾರು 97 ಪಿಎಸ್ಐ (ಒತ್ತಡದ ಅಳತೆ), ಗ್ಯಾಸ್ ಅರ್ಧ ಇರಲಿ ಪೂರ್ತಿ ಇರಲಿ. ಓಡುವಾಗಲಂತೂ ಹೊರಗಿನ ಬಿಸಿಲು, ಫ್ಯಾನು, ಆರ್‌ಪಿಎಂ ಎಲ್ಲವೂ ಮುಳ್ಳನ್ನು ಎಳೆದಾಡುತ್ತವೆ. ಬಾನೆಟ್ ಕೆಳಗಿನ ಲೇಬಲ್‌ನಲ್ಲಿ 450 ಗ್ರಾಂ ಅಂತಿತ್ತು. ಡಬ್ಬಿಯನ್ನು ಡಿಜಿಟಲ್ ತಕ್ಕಡಿಯ ಮೇಲಿಟ್ಟೆ.

ಕನ್ನಡಕ, ಕೈಗವಸು ಹಾಕಿಕೊಂಡೆ. ಈ ದ್ರವ ಮೈನಸ್ 26 ಡಿಗ್ರಿಯಲ್ಲೇ ಕುದಿಯುತ್ತದೆ, ಚರ್ಮಕ್ಕೆ ತಾಗಿದರೆ ಮರಗಟ್ಟಿಸುತ್ತದೆ. ಹೋಸಿನ ತುದಿ ಕ್ಷಣಮಾತ್ರ ಸಡಿಲಿಸಿ ಅದರೊಳಗಿನ ಗಾಳಿ ಹೊರದಬ್ಬಿದೆ. ಮೊದಲ ಪಾಲನ್ನು ವ್ಯಾಕ್ಯೂಮೇ ಎಳೆದುಕೊಂಡಿತು. ಆಮೇಲೆ ಎಂಜಿನ್ ಚಾಲೂ ಮಾಡಿ, ಎಸಿ ಫುಲ್ ಇಟ್ಟು, ಕಿಟಕಿ ಇಳಿಸಿದೆ. ಡಬ್ಬಿ ನೆಟ್ಟಗೇ ಇರಬೇಕು. ತಲೆಕೆಳಗಾದರೆ ದ್ರವ ನೇರ ಕಂಪ್ರೆಸರಿಗೆ ನುಗ್ಗುತ್ತದೆ, ದ್ರವವನ್ನು ಅದು ಒತ್ತಲಾರದು. ಡಬ್ಬಿ ತಣ್ಣಗಾಗಿ ಹರಿವು ನಿಧಾನವಾದಾಗ ಉಗುರುಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟು, ಒರೆಸಿ ಮತ್ತೆ ತೂಗಿದೆ. ಹೆಚ್ಚು ಒತ್ತಡದ ಕಡೆಯ ಹೈ ಸೈಡ್ ವಾಲ್ವನ್ನು ಮಾತ್ರ ಮುಟ್ಟಲೇ ಇಲ್ಲ. ಎಂಜಿನ್ ಓಡುವಾಗ ಅದನ್ನು ಡಬ್ಬಿಗೆ ತೆರೆದರೆ ಡಬ್ಬಿ ಸಿಡಿಯಬಹುದು.

450 ಗ್ರಾಂ ಇಳಿದ ಕೂಡಲೇ ನಿಲ್ಲಿಸಿದೆ. ‘ಇನ್ನೂ ಸ್ವಲ್ಪ’ ಅನ್ನುವ ಆಸೆ ಬೇಡ, ಹೆಚ್ಚಾದರೂ ಕೂಲಿಂಗ್ ಕಮ್ಮಿಯಾಗುತ್ತದೆ. ವೆಂಟಿನಲ್ಲಿ ಥರ್ಮಾಮೀಟರ್ 7 ಡಿಗ್ರಿಗೆ ಇಳಿಯಿತು, ಕ್ಲಚ್ಚಿನ ಟಕಟಕ ನಿಂತಿತು. ಹೈಬ್ರಿಡ್, ಎಲೆಕ್ಟ್ರಿಕ್ ಕಾರುಗಳಲ್ಲಿ ನಾನು ಇದಕ್ಕೆ ಕೈ ಹಾಕುವುದಿಲ್ಲ: ಅಲ್ಲಿನ ಕಂಪ್ರೆಸರ್ ಹೈ ವೋಲ್ಟೇಜಿನದು, ಎಣ್ಣೆಯೂ ಬೇರೆ.